ಕುರಿ, ನಾಯಿ ಮತ್ತು ಒಂದು ಗುಳ್ಳೆ

ವಿಶಾಖಪಟ್ಟಣದ ಅಂಚಿನ ನಮ್ಮ ಪೆಂಡುರ್ತಿಯಲ್ಲಿ ಭಾನುವಾರ ಮಾಂಸದಂಗಡಿಗಳ ಮುಂದೆ ನಾಯಿಗಳು ಕಾದಿರುತ್ತವೆ. ಅವುಗಳತ್ತ ಎಸೆಯುವ ಶ್ವಾಸಕೋಶದ ಚೂರಿಗೆ ಒಂದು ಚರಿತ್ರೆಯಿದೆ.

ಯಕೃತ್ತಿನಲ್ಲಿ ಬೆಳೆಯುವ ನೀರುಗುಳ್ಳೆಯನ್ನು ಪ್ರಾಚೀನ ಗ್ರೀಕ್ ವೈದ್ಯರೂ ಬಲ್ಲವರಾಗಿದ್ದರು. ಅದರ ಮೂಲ ತಿಳಿದದ್ದು ಮಾತ್ರ 1850ರ ದಶಕದಲ್ಲಿ. ಜರ್ಮನಿಯ ಫಾನ್ ಸೀಬೋಲ್ಡ್ ಕುರಿಯ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿದಾಗ, ಅವುಗಳ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳು ಬೆಳೆದವು. ಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬಂದು ಹುಲ್ಲಿನ ಮೂಲಕ ಕುರಿಯನ್ನೂ, ತೊಳೆಯದ ಕೈ ಹಾಗೂ ಸೊಪ್ಪಿನ ಮೂಲಕ ಮನುಷ್ಯನನ್ನೂ ಸೇರುತ್ತವೆ. ನಮ್ಮೊಳಗೆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ; ಒಡೆದರೆ ಪ್ರಾಣಕ್ಕೇ ಅಪಾಯ.

ಈ ರೋಗದಿಂದ ಬಹಳ ನರಳಿದ ಐಸ್ಲೆಂಡಿಗೆ 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಬಂದರು. ಅವರು ಕೊಯ್ದು ನೋಡಿದ 100 ನಾಯಿಗಳಲ್ಲಿ 28ರಲ್ಲಿ ಹುಳುವಿತ್ತು. ಮರುವರ್ಷ ಅವರ ಕಿರುಹೊತ್ತಿಗೆ ಮನೆಮನೆಗೆ ಹೋಯಿತು. ಗುಳ್ಳೆಯಿದ್ದ ಅಂಗಗಳನ್ನು ಸುಡಬೇಕು ಅಥವಾ ಹೂಳಬೇಕು, ನಾಯಿಗೆ ಹುಳುವಿನ ಔಷಧ ಕೊಡಬೇಕು ಎಂಬ ಎಚ್ಚರ ಮುಂದೆ ಕಾನೂನೂ ಆಯಿತು. ರೋಗ ಅಲ್ಲಿಂದ ಅಳಿಯಿತು. ರೇಕ್ಯಾವಿಕ್ ನಗರವಂತೂ 1924ರಲ್ಲಿ ನಾಯಿ ಸಾಕುವುದನ್ನೇ ನಿಷೇಧಿಸಿತು. ಅದು ನಮಗೆ ಅತಿಯೆನಿಸುತ್ತದೆ. ಹುಳುವನ್ನು ನಾಯಿಗೆ ಉಣಿಸಿದವರು ಮನುಷ್ಯರೇ ಅಲ್ಲವೆ?

ಭಾರತದಲ್ಲಿ ಈ ರೋಗ ಹೆಚ್ಚಾಗಿ ವರದಿಯಾಗಿರುವ ರಾಜ್ಯಗಳಲ್ಲಿ ಆಂಧ್ರವೂ ಒಂದು. ಸಾಕುನಾಯಿಗಾದರೆ ಪ್ರಾಜಿಕ್ವಾಂಟೆಲ್ ಮಾತ್ರೆಯಿದೆ. ಬೀದಿನಾಯಿಗೆ ಅದನ್ನು ನುಂಗಿಸುವವರಾರು? ಇಲ್ಲಿ ಮೊದಲು ಬೇಕಾದದ್ದು ಅಂಗಡಿಯ ಹಿಂದೆ, ನಾಯಿ ಕೆದರಲಾಗದಷ್ಟು ಆಳದ ಒಂದು ಗುಂಡಿ.