ಅಂಬಿಗನ ಲೆಕ್ಕವೂ ಯಂತ್ರದ ಲೆಕ್ಕವೂ

ಮಕ್ತಲಿನವರು ರಾಯಚೂರಿಗೆ ಹೋಗಬೇಕಾದರೂ ಗದ್ವಾಲಕ್ಕೆ ಹೋಗಬೇಕಾದರೂ ಕೃಷ್ಣೆಯನ್ನು ದಾಟಲೇ ಬೇಕು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವು ಒಡೆದು, ರಾಯಚೂರು ಮೈಸೂರು ರಾಜ್ಯಕ್ಕೂ, ಮಕ್ತಲ್, ನಾರಾಯಣಪೇಟೆ, ಗದ್ವಾಲಗಳು ಆಂಧ್ರಪ್ರದೇಶಕ್ಕೂ ಸೇರಿದುವು. ಗಡಿ ಬದಲಾಯಿತು, ನದಿಯನ್ನು ದಾಟುವ ಅಗತ್ಯವು ಬದಲಾಗಲಿಲ್ಲ. ಇಂದು ಸೇತುವೆಗಳಿವೆ. ಅವುಗಳಿಲ್ಲದ ಶತಮಾನಗಳಲ್ಲಿ ನಮ್ಮ ಹಿರಿಯರನ್ನು ದಡ ಸೇರಿಸಿದ್ದು ಹರಿಗೋಲು. ನಮ್ಮ ತೆಲುಗು ನೆರೆಯವರು ಇದನ್ನೇ ಪುಟ್ಟಿ ಎನ್ನುತ್ತಾರೆ.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಇದನ್ನು ಕಂಡು ಬೆರಗಾದನು. ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ಈ ದೋಣಿಯಲ್ಲಿ ಹದಿನೈದು ಇಪ್ಪತ್ತು ಜನ ಕುಳಿತು ಹೋಗುತ್ತಿದ್ದರೆಂದೂ, ಅದು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತಿತ್ತೆಂದೂ ಬರೆದಿದ್ದಾನೆ. ಆ ಸುತ್ತುವಿಕೆಯೊಳಗೆ ಅಡಗಿದ್ದ ಜಾಣ್ಮೆಯು ಪರದೇಶಿಯ ಕಣ್ಣಿಗೆ ಬೀಳದಿದ್ದುದು ಸಹಜವೇ. ಸೆಳವು ದೋಣಿಯನ್ನು ಎಷ್ಟು ದೂರ ಕೆಳಕ್ಕೆ ಒಯ್ಯುವುದೆಂದು ಅಂಬಿಗನು ಮೊದಲೇ ಎಣಿಸಿ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಅಷ್ಟು ದೂರ ದಡದ ಮೇಲೆ ನಡೆದು, ಅಲ್ಲಿಂದ ನೀರಿಗಿಳಿಯುತ್ತಾನೆ. ಒಂದು ಹುಟ್ಟು, ಒಂದು ಗಳು, ಎರಡು ಕಣ್ಣು: ಇಷ್ಟೇ ಅವನ ಸಲಕರಣೆ. ಹುಟ್ಟು ಮುರಿದರೆ ಮುರಿದುದು ಅವನಿಗೆ ತಿಳಿಯುತ್ತದೆ.

ಯಂತ್ರಗಳಲ್ಲಿ ಕೊರತೆಯಾಗುವುದು ಈ ತಿಳಿವಳಿಕೆಯೇ. 1995ರಲ್ಲಿ ಬರ್ಮುಡಾದಿಂದ ಅಮೆರಿಕದ ಬೋಸ್ಟನ್ನಿಗೆ ಹೊರಟ 'ರಾಯಲ್ ಮೆಜೆಸ್ಟಿ' ಎಂಬ ಪ್ರಯಾಣಿಕರ ಹಡಗಿನ ಕಥೆಯನ್ನು ಕೇಳಬೇಕು. ಉಪಗ್ರಹಗಳ ಸಂಕೇತವನ್ನು ಹಿಡಿದು ಹಡಗಿನ ನೆಲೆಯನ್ನು ತಿಳಿಸುವ ಜಿ.ಪಿ.ಎಸ್. ಯಂತ್ರ ಅದರಲ್ಲಿತ್ತು. ಬಂದರು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಅದರ ಆಂಟೆನಾದ ತಂತಿಯು ಕಳಚಿತು. ಯಂತ್ರವು ನಿಲ್ಲಲಿಲ್ಲ, ನಿಂತಿದ್ದರೆ ಒಳ್ಳೆಯದಾಗುತ್ತಿತ್ತು. ಹಡಗಿನ ವೇಗ, ದಿಕ್ಕುಗಳಿಂದಲೇ ನೆಲೆಯನ್ನು ಊಹಿಸಿ ತೋರಿಸತೊಡಗಿತು. ಹಾಗೆ ಊಹಿಸುತ್ತಿರುವೆನೆಂದು ಸಣ್ಣ ಅಕ್ಷರಗಳಲ್ಲಿ ತಿಳಿಸಿತು, ಯಾರೂ ಗಮನಿಸಲಿಲ್ಲ. ಗಾಳಿಯೂ ಸಮುದ್ರದ ಸೆಳವೂ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಆ ಲೆಕ್ಕದೊಳಗೆ ಸೇರಲೇ ಇಲ್ಲ. ಆಳವನ್ನು ಅಳೆಯುವ ಉಪಕರಣದ ಎಚ್ಚರಿಕೆಯನ್ನು ಸೊನ್ನೆಗೆ ಇಟ್ಟಿದ್ದರು. ಕಾಣದಿದ್ದ ತೇಲುಗುರುತನ್ನು ಕಂಡೆನೆಂದು ಅಧಿಕಾರಿಯೊಬ್ಬನು ಹೇಳಿದನು! ಯಂತ್ರದ ಪ್ರಕಾರ ಅದು ಅಲ್ಲಿ ಇರಬೇಕಾಗಿತ್ತಷ್ಟೆ. ಸುಮಾರು 34 ಗಂಟೆಗಳ ತರುವಾಯ, ಜೂನ್ 10ರ ರಾತ್ರಿ, ಹಡಗು ನಾಂಟುಕೆಟ್ ದ್ವೀಪದ ಬಳಿ ಮರಳದಿಣ್ಣೆಯನ್ನೇರಿತು; ದಾರಿಯಿಂದ 17 ಸಮುದ್ರಮೈಲಿ ತಪ್ಪಿತ್ತು. ಪುಣ್ಯವಶಾತ್ ಯಾರ ಪ್ರಾಣವೂ ಹೋಗಲಿಲ್ಲ.

ಸೆಳವನ್ನು ಎಣಿಸದೆ ಹೊರಡುವ ಅಂಬಿಗನು ಕೃಷ್ಣೆಯಲ್ಲಿ ಒಂದು ಮಳೆಗಾಲವನ್ನೂ ಕಳೆಯಲಾರನು.

ನಮ್ಮ ಕರಾವಳಿಯ ಒಂದು ದುಃಖವನ್ನೂ ಇಲ್ಲಿ ನೆನೆಯಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ದೋಣಿಯ ಸಂಪರ್ಕವು 15ರ ರಾತ್ರಿ ಕಡಿದುಹೋಯಿತು. ಏಳು ಮಂದಿ ಮನೆಗೆ ಮರಳಲಿಲ್ಲ. ನೌಕಾದಳದವರು ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ಕಂಡುದು 2019ರ ಮೇ ತಿಂಗಳಲ್ಲಿ. ಅದು ಯಂತ್ರದೋಷದಿಂದ ಮುಳುಗಿತೆಂದು ನಾನು ಹೇಳುತ್ತಿಲ್ಲ. ಸಂಪರ್ಕಸಾಧನಗಳ ಈ ಯುಗದಲ್ಲಿಯೂ ಒಂದು ದೋಣಿಯ ನೆಲೆಯನ್ನು ಅರಿಯಲು ತಿಂಗಳುಗಳೇ ಹಿಡಿದುವೆಂಬುದನ್ನಷ್ಟೇ ವಾಚಕರ ಮುಂದಿಡುತ್ತಿದ್ದೇನೆ. ಉಪಗ್ರಹವು ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಿಂದ ನೆಲೆಯನ್ನು ತಿಳಿಸಬಲ್ಲುದು. ಉಪ್ಪುನೀರು ತಿಂದ ತಂತಿಯನ್ನೋ ಬತ್ತಿದ ಬ್ಯಾಟರಿಯನ್ನೋ ದುರಸ್ತಿ ಮಾಡಲಾರದು.

ಆದರೆ ಹರಿಗೋಲನ್ನು ಕೊಂಡಾಡಿ ಕಣ್ಣು ಮುಚ್ಚುವುದೂ ಸಲ್ಲದು. 2020ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿದ್ದಾಗ ನಮ್ಮ ಪಂಚದೇವಪಹಾಡದ ಬಳಿಯೇ ಹರಿಗೋಲು ಮಗುಚಿ ಜೀವಹಾನಿಯಾಯಿತು. ಆ ದಿನ ಬೇಕಾಗಿದ್ದುದು ಬಹುಶಃ ಮೈಗೆ ಕಟ್ಟಿಕೊಳ್ಳುವ ಒಂದೊಂದು ತೇಲುಕವಚ. ಅದಕ್ಕೆ ವಿದ್ಯುತ್ತೂ ಬೇಡ, ಉಪಗ್ರಹವೂ ಬೇಡ.

ಶ್ರೀಪಾದ ಶ್ರೀವಲ್ಲಭರ ಕುರುವಪುರಕ್ಕೆ ಈ ಘಟ್ಟದಿಂದ ಭಕ್ತರು ತಲೆಮಾರುಗಳಿಂದ ನೀರು ದಾಟಿ ಹೋಗಿಬಂದಿದ್ದಾರೆ. ಜುರಾಲಾ ಅಣೆಕಟ್ಟಿನ ನಂತರ ನದಿಯ ನಡೆಯೂ ಬದಲಾಗಿದೆ. ಎಲ್ಲಿ ಮಡು, ಎಲ್ಲಿ ಬಂಡೆ, ಯಾವ ಗಾಳಿಗೆ ದೋಣಿ ಬಿಡಬಾರದು ಎಂಬುದು ಮುದುಕ ಅಂಬಿಗರ ಬಾಯಲ್ಲಿದೆ. ಪುಸ್ತಕದಲ್ಲಿ ನಾನು ಕಂಡಿಲ್ಲ. ಸಂಘದ ತರುಣರು ಮುಂದಿನ ಬೇಸಗೆಯಲ್ಲಿ ಒಂದು ನೋಟ್‌ಪುಸ್ತಕ ಹಿಡಿದು ಆ ದಡಕ್ಕೆ ಹೋಗಿ, ಅವರು ಆಡುವ ಮಾತಿನಲ್ಲಿಯೇ, ಕನ್ನಡವಾದರೆ ಕನ್ನಡ, ತೆಲುಗಾದರೆ ತೆಲುಗು, ಅದನ್ನೆಲ್ಲ ಬರೆದುಕೊಂಡು ಬರಬಾರದೇಕೆ?