ಉನಿತಾ ದಿತಾಲಿಯಾ ಚೌಕ, ಟ್ರಿಯೆಸ್ಟ್

ಇಟಲಿಯ ಈಶಾನ್ಯ ಅಂಚಿನಲ್ಲಿ, ಏಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಟ್ರಿಯೆಸ್ಟ್ ಬಂದರು ನಗರದ ಮುಖ್ಯ ಚೌಕ. ಹೆಸರಿನ ಅರ್ಥ 'ಇಟಲಿಯ ಏಕತೆ'. ವಿಸ್ತೀರ್ಣ 12,000 ಚದರ ಮೀಟರಿಗೆ ತುಸು ಹೆಚ್ಚು, ಎಂದರೆ ಸುಮಾರು ಮೂರು ಎಕರೆ. ಮೂರು ಬದಿಗೆ ಸೌಧಗಳು, ನಾಲ್ಕನೆಯ ಬದಿಗೆ ಬರೀ ನೀರು. ನೋಡಬಂದವರಿಗೆ ಈ ತೆರೆದ ಬದಿ ಮೊದಲಿನಿಂದಲೂ ಹೀಗೇ ಇತ್ತೆಂದು ತೋರುವುದು ಸಹಜ. ನಿಜದಲ್ಲಿ ಅದು 19ನೆಯ ಶತಮಾನದ ಕೆಲಸ. ಚೌಕಕ್ಕೂ ಸಮುದ್ರಕ್ಕೂ ನಡುವೆ ಹಿಂದೆ ಗೋಡೆ, ಕಟ್ಟಡಗಳಿದ್ದವು. ಮಂದ್ರಾಕ್ಯೊ ಎಂಬ ಪುಟ್ಟ ಹಳೆಯ ಬಂದರೂ ಇತ್ತು. ಬಂದರನ್ನು ಮುಚ್ಚಿ, ಕಟ್ಟಡಗಳನ್ನು ಕೆಡವಿದ ಮೇಲೆಯೇ ಸಮುದ್ರ ಕಣ್ಣಿಗೆ ಬಿದ್ದದ್ದು. ಹಾಗಾಗಿ ಈ ಚೌಕವನ್ನು ಅರಿಯಲು ಇಲ್ಲಿ ಕಟ್ಟಿದ್ದನ್ನು ಎಣಿಸುವುದಕ್ಕಿಂತ ತೆಗೆದದ್ದನ್ನು ಹುಡುಕುವುದು ಒಳ್ಳೆಯ ದಾರಿ.

ಚೌಕದ ಕಾರಂಜಿಯೇ ಇದಕ್ಕೆ ಸಾಕ್ಷಿ. 1382ರಿಂದ 1918ರವರೆಗೆ ಟ್ರಿಯೆಸ್ಟ್ ಹ್ಯಾಬ್ಸ್‌ಬರ್ಗ್ ಅರಸರ ಅಧೀನದಲ್ಲಿತ್ತು. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಅದನ್ನು ಸುಂಕಮುಕ್ತ ಬಂದರೆಂದು ಸಾರಿದ. ಆ ವ್ಯಾಪಾರದ ಹೆಮ್ಮೆಯಲ್ಲಿ 1750ರ ದಶಕದಲ್ಲಿ ಮಾತ್ಸೊಲೇನಿ ಎಂಬ ಶಿಲ್ಪಿ ನಾಲ್ಕು ಖಂಡಗಳ ಕಾರಂಜಿಯನ್ನು ಕಡೆದ: ಯುರೋಪು, ಏಷ್ಯಾ, ಆಫ್ರಿಕಾ, ಅಮೆರಿಕ. (ಆಸ್ಟ್ರೇಲಿಯಾ ಅಂದಿನ ಲೆಕ್ಕದಲ್ಲಿರಲಿಲ್ಲ.) 1938ರಲ್ಲಿ ಮುಸೊಲಿನಿಯ ಭೇಟಿಗಾಗಿ, ಜನ ಸೇರಲು ಜಾಗ ಬೇಕೆಂದು, ಅದನ್ನೇ ಕಿತ್ತರು. ಸೆಪ್ಟೆಂಬರ್ 18ರಂದು ಆತ ಯಹೂದ್ಯರ ವಿರುದ್ಧದ ಜನಾಂಗೀಯ ಕಾನೂನುಗಳನ್ನು ಘೋಷಿಸಿದ್ದು ಹೀಗೆ ತೆರವಾದ ಈ ನೆಲದ ಮೇಲೆಯೇ. ಕಾರಂಜಿ ಮರಳಿದ್ದು 1970ರಲ್ಲಿ; ಮುಂದೆ ಮತ್ತೆ ಸರಿದು ನಗರಸಭೆಯ ಎದುರು ನಿಂತಿತು. ಹೆಸರೂ ಇದೇ ಬಗೆಯದು: ಚರ್ಚಿನಿಂದ ಬಂದ ಸಾನ್ ಪಿಯೆತ್ರೊ ಚೌಕ, ಅನಂತರ 'ದೊಡ್ಡ ಚೌಕ', 1918ರಲ್ಲಿ ನಗರ ಇಟಲಿಯ ಕೈಸೇರಿದ ಮೇಲೆ 'ಏಕತೆ'. ಎರಡನೆಯ ಮಹಾಯುದ್ಧದ ತರುವಾಯ ಮಿತ್ರಪಡೆಗಳ ಆಡಳಿತದಲ್ಲಿದ್ದ ಊರು 1954ರಲ್ಲಿ ಇಟಲಿಗೆ ಮರಳಿತು. ಮರುವರ್ಷ ಹೆಸರಿಗೆ 'ಇಟಲಿಯ' ಎಂಬುದೂ ಸೇರಿತು. ಯಾರಿಗೂ ಸಂಶಯ ಉಳಿಯಬಾರದಲ್ಲ!

ಕೆಡವುವುದು ಯಾವ ಊರಿನಲ್ಲಿಲ್ಲ, ಉಳಿದ ಸೌಧಗಳೇ ಇದು ಹ್ಯಾಬ್ಸ್‌ಬರ್ಗ್ ರಾಜಧಾನಿ ವಿಯೆನ್ನಾದ ತುಣುಕೆಂದು ಸಾರುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಅರ್ಧ ಮಾತ್ರ ಸರಿ. ಲಾಯ್ಡ್ ಹಡಗು ಕಂಪನಿಯ ಸೌಧವನ್ನು (1883) ರೂಪಿಸಿದ ಫೆರ್ಸ್ಟೆಲ್ ವಿಯೆನ್ನಾದವನೇ.  ಆದರೆ ಗಂಟೆ ಬಾರಿಸುವ ಮಿಕೇಜೆ, ಯಾಕೇಜೆ ಎಂಬ ಜೋಡಿಬೊಂಬೆಗಳ ಗೋಪುರ ಹೊತ್ತ ನಗರಸಭಾ ಸೌಧ (1875) ಇದೇ ಊರಿನ ಜುಸೆಪ್ಪೆ ಬ್ರೂನಿಯ ಕೃತಿ. ಸಾಮ್ರಾಜ್ಯ, ವರ್ತಕರು, ನಗರಸಭೆ ಮೂವರ ಹಣವೂ ಹಟವೂ ಇಲ್ಲಿ ಎದುರುಬದುರಾಗಿ ನಿಂತಿವೆ. ಒಂದೇ ರಾಜಧಾನಿಯ ಹೆಸರು ಅದಕ್ಕೆ ಸಾಲದು. ಯುರೋಪಿನಲ್ಲಿ ಸಮುದ್ರಕ್ಕೆ ತೆರೆದ ಅತಿದೊಡ್ಡ ಚೌಕ ಎಂಬ ಪ್ರಚಾರವನ್ನೂ ಎಚ್ಚರದಿಂದ ಒಪ್ಪಬೇಕು. ಲಿಸ್ಬನ್ನಿನ ವಾಣಿಜ್ಯ ಚೌಕ ಇದಕ್ಕಿಂತ ಬಹಳ ದೊಡ್ಡದು. ಅದು ತೇಜೊ ನದಿಯ ಮುಖಕ್ಕೆ ತೆರೆದಿದೆ ಎಂಬ ಕಾರಣಕ್ಕಷ್ಟೇ ಟ್ರಿಯೆಸ್ಟಿನ ಬಿರುದು ಉಳಿದುಕೊಂಡಿದೆ. ಅಳತೆಯ ಈ ಜಗಳಕ್ಕಿಂತ ಸ್ವಾರಸ್ಯದ್ದು ಕಾಲಡಿಯಲ್ಲೇ ಇದೆ. ಫ್ರೆಂಚ್ ವಾಸ್ತುಶಿಲ್ಪಿ ಬರ್ನಾರ್ ಹ್ಯೂಏ ಯೋಜಿಸಿದ ನವೀಕರಣದಲ್ಲಿ ನೆಲಹಾಸಿನೊಳಗೆ ನೀಲಿ ದೀಪಗಳನ್ನು ಹುದುಗಿಸಲಾಯಿತು. ಕತ್ತಲಾದೊಡನೆ ಅವು ಬೆಳಗಿ, ಮಣ್ಣಿನಡಿ ಹೋದ ಮಂದ್ರಾಕ್ಯೊವನ್ನು ನೆನಪಿಸುತ್ತವೆ.