ಬಿದಿರು, ಅಲ್ಯೂಮಿನಿಯಂ, ಗಾಜು: ಒಂದು ದೋಟಿಯ ಕತೆ

ಕಳಸದ ನಮ್ಮನೆ ಕೊಟ್ಟಿಗೆಯ ಮಾಡಿಗೆ ಮೂರು ದೋಟಿ ಸಿಕ್ಕಿಸಿಟ್ಟಿದ್ದಾರೆ. ಬಿದಿರಿನದೊಂದು, ಅಲ್ಯೂಮಿನಿಯಂದೊಂದು, ಹಳದಿ ಬಣ್ಣದ ಗಾಜಿನ ಫೈಬರ್‌ದೊಂದು. ಮೊನ್ನೆ ಊರಿಗೆ ಹೋದಾಗ ಅಪ್ಪಯ್ಯ ಅಡಿಕೆ ಕೊಯ್ಯೋಕೆ ನಾಲ್ಕನೆಯದು ತರೋ ಯೋಚನೆಯಲ್ಲಿದ್ರು. ಕಾರ್ಬನ್ ಫೈಬರ್‌ದು. "ಎರಡೂ ಫೈಬರ್ರೇ ಅಲ್ವನಾ?" ಅಂದ್ರು. ಅಲ್ಲ. ಯಾಕಲ್ಲ ಅಂತ ಹೇಳೋಕೆ ಹಳೇ ಕತೆಯಿಂದಲೇ ಶುರು ಮಾಡಬೇಕು.

ಮೊದಲಿಗೆ ಬಿದಿರು. ಉದ್ದಕ್ಕೂ ಗಟ್ಟಿ ನಾರು, ಅದನ್ನು ಹಿಡಿದಿಡೋಕೆ ಸುತ್ತ ಮೆದು ಭಾಗ. ಬಗ್ಗಿದಾಗ ಹೆಚ್ಚು ಎಳೆತ ಬೀಳೋದು ಹೊರಮೈಗೆ, ನಾರೂ ಅಲ್ಲೇ ಒತ್ತಾಗಿರುತ್ತೆ! ಆದರೆ ಭಾರ, ಹುಳದ ಕಾಟ ಬೇರೆ.

ಆಮೇಲೆ ಬಂತು ಅಲ್ಯೂಮಿನಿಯಂ. ಹಗುರ, ಹುಳ ಹಿಡಿಯಲ್ಲ. ಆದ್ರೆ ಜಾಸ್ತಿ ಬಗ್ಗಿದರೆ ಹಾಗೇ ಡೊಂಕಾಗಿ ಉಳಿಯುತ್ತೆ. ಮತ್ತೆ ಕರೆಂಟು! ನಮ್ಮ ತೋಟದ ಮೇಲೆ 11 ಸಾವಿರ ವೋಲ್ಟಿನ ತಂತಿ ಹೋಗುತ್ತೆ. ಒಂದು ಸಲ ಅಪ್ಪಯ್ಯನ ದೋಟಿ ವಾಲಿ ತಂತಿಗೆ ಮೊಳದಷ್ಟು ಹತ್ತಿರ ಬಂದಿತ್ತು. ಅವತ್ತಿಂದ ಅದು ಮಾಡಿಂದ ಇಳಿದಿಲ್ಲ. ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕೆಲಸದವರು ಸತ್ತ ಸುದ್ದಿ ಕಾಫಿ ಸೀಮೆಯವರಿಗೆ ಹೊಸದಲ್ಲ.

ತಮಾಷೆ ಅಂದ್ರೆ ಪೋಲ್‌ವಾಲ್ಟ್ ಕೋಲಿನದ್ದೂ ಇದೇ ದಾರಿ. 1942ರಲ್ಲಿ ವಾರ್ಮರ್‌ಡ್ಯಾಮ್ ಬಿದಿರು ಹಿಡಿದು 4.77 ಮೀಟರ್ ಹಾರಿದ. 1957ರಲ್ಲಿ ಗುಟೋವ್‌ಸ್ಕಿ ಲೋಹದ ಕೋಲಲ್ಲಿ 4.78. 1961ರಲ್ಲಿ ಜಾರ್ಜ್ ಡೇವಿಸ್ ಗಾಜಿನ ಫೈಬರ್ ಕೋಲಲ್ಲಿ 4.83!

ಫಟ್ ಅಂತ ಒಡೆಯೋ ಗಾಜು ಬಗ್ಗೋದು ಹೇಗೆ? ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಉತ್ತರ ಇದೆ. ಗಾಜು ಒಡೆಯೋದು ಕಣ್ಣಿಗೆ ಕಾಣದ ಬಿರುಕುಗಳಿಂದ. ಎಳೆ ಸಣ್ಣದಾದಷ್ಟೂ ದೊಡ್ಡ ಬಿರುಕಿಗೆ ಜಾಗವಿಲ್ಲ, ಅದಕ್ಕೇ ಗಟ್ಟಿ. ಅಂಥ ಸಾವಿರಾರು ಎಳೆಗಳನ್ನು ರಾಳದಲ್ಲಿ ಕೂರಿಸಿದರೆ ಒಂದೆಳೆ ತುಂಡಾದ್ರೂ ಅದರ ಭಾರವನ್ನು ರಾಳ ಪಕ್ಕದ ಎಳೆಗಳಿಗೆ ಹಂಚುತ್ತೆ. ಬಿದಿರಿನ ಉಪಾಯವೇ ನೋಡಿ! ಬೆಂಗಳೂರಿನ ಎನ್‌ಎಎಲ್‌ನವರ ಹಂಸ ವಿಮಾನ, 1993ರಲ್ಲಿ ಮೊದಲು ಹಾರಿದ್ದು, ಅದರ ಮೈ ಕೂಡ ಇಂಥ ಫೈಬರ್‌ದೇ.

ಅಲ್ಯೂಮಿನಿಯಂನ ಬಿಗಿತ ಸುಮಾರು 70 ಗಿಗಾಪಾಸ್ಕಲ್. ಎಳೆಗಳೆಲ್ಲ ಉದ್ದಕ್ಕಿರುವ ಗಾಜಿನ ಫೈಬರ್‌ದು 40ರ ಆಸುಪಾಸು. ಅಂದ್ರೆ ಅಷ್ಟೇ ದಪ್ಪದ ಕೋಲು ಜಾಸ್ತಿ ಬಗ್ಗುತ್ತೆ, ಆದರೆ ಬಿಟ್ಟ ಕೂಡಲೇ ನೆಟ್ಟಗಾಗುತ್ತೆ. ಕರೆಂಟು ಹರಿಯಗೊಡಲ್ಲ. ಅರುವತ್ತು ಅಡಿ ಎತ್ತರಕ್ಕೆ ಮಾತ್ರ ತೂಗಾಡಿ ಕೈ ಸೋಲಿಸುತ್ತೆ. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಮೂರು ಪಟ್ಟು ಬಿಗಿ, ಹಗುರವೂ ಹೌದು. ಎಲ್ಲರೂ ಅದನ್ನೇ ಕೇಳೋದು ಅದಕ್ಕೇ. ಆದರೆ ಕಾರ್ಬನ್ ಕರೆಂಟು ಹರಿಸುತ್ತೆ!

ಗಾಜಿನದನ್ನೂ ಪೂರಾ ನಂಬಬೇಡಿ. ಒದ್ದೆಯಾಗಿ ಕೊಳೆ ಹಿಡಿದ್ರೆ ಮೈಮೇಲೆ ಕರೆಂಟು ಹರಿಯಬಹುದು. ಬಿಸಿಲಿಗೆ ರಾಳ ಸವೆದರೆ ಎಳೆ ಎದ್ದು ಕೈಗೆ ಚುಚ್ಚುತ್ತೆ.

ಇಷ್ಟೆಲ್ಲ ಕೇಳಿದ ಅಪ್ಪಯ್ಯ, "ಹಂಗಾರೆ ತಂತಿ ಕೆಳಗಿನ ಸಾಲು ಕೊಯ್ಯೋದು ಲೈನ್ ಆಫ್ ಮಾಡಿಸಿಯೇ" ಅಂದ್ರು. ಅಷ್ಟು ಸಾಕಾಯ್ತು ನಂಗೆ. ನಿಮ್ಮ ತೋಟಕ್ಕೆ ಫೈಬರ್ ದೋಟಿ ತರೋದಿದ್ರೆ ಗಾಜಿಂದೋ ಕಾರ್ಬನ್ನೋ ಅಂತ ಕೇಳಿಯೇ ತನ್ನಿ, ಆಯ್ತಾ?